‘ಒಂಥರಾ ಆಗ್ತಿದೆ’ ಎಂದರೆ ಏನಾಗುತ್ತಿದೆ?

ವ್ಯಸನ ಬಿಟ್ಟವರು ತಮ್ಮ ಮನಸ್ಸನ್ನು ತಾವೇ ಗುರುತಿಸಿಕೊಳ್ಳುವ ಬಗ್ಗೆ

ಕುಡಿತ ಬಿಟ್ಟು ಹತ್ತು-ಹದಿನೈದು ದಿನ ಕಳೆದವರನ್ನು ‘ಹೇಗಿದ್ದೀರಿ?’ ಎಂದು ವಿಚಾರಿಸಿದರೆ ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ. ಒಂದು, ‘ಪರವಾಗಿಲ್ಲ ಸಾರ್’. ಇನ್ನೊಂದು, ‘ಏನೋ ಒಂಥರಾ ಆಗ್ತಿದೆ’. ‘ಒಂಥರಾ ಅಂದರೆ ಹೇಗೆ?’ ಎಂದು ಮತ್ತೆ ಕೇಳಿದರೆ ‘ಟೆನ್ಷನ್’ ಎನ್ನುತ್ತಾರೆ. ‘ಯಾವ ರೀತಿಯ ಟೆನ್ಷನ್?’ ಎಂದರೆ ಅಲ್ಲಿಗೆ ಮಾತು ನಿಲ್ಲುತ್ತದೆ. ಬೇಕೆಂದು ಮುಚ್ಚಿಡುತ್ತಿದ್ದಾರೆ ಎಂದಲ್ಲ. ಒಳಗೆ ಏನಾಗುತ್ತಿದೆ ಎಂಬುದು ಅವರಿಗೇ ಗೊತ್ತಾಗುತ್ತಿರುವುದಿಲ್ಲ. ಈ ಲೇಖನ ಆ ನಿಂತುಹೋದ ಮಾತಿನ ಬಗ್ಗೆ. ವಾರ್ಡಿನಲ್ಲಿ ಇರುವವರು, ಮನೆಗೆ ಹೋಗಿ ಮರುಭೇಟಿಗೆ ಬರುತ್ತಿರುವವರು, ಅವರ ಜೊತೆಗಿರುವ ಮನೆಯವರು ಇದನ್ನು ಒಟ್ಟಿಗೆ ಕುಳಿತು ಓದಬೇಕೆಂದು ಕೋರುತ್ತೇವೆ. ಓದಲು ಬಾರದವರಿಗೆ ಜೊತೆಯವರು ನಿಧಾನವಾಗಿ ಓದಿ ಹೇಳಿ.

ಮೈ ಸುಧಾರಿಸಿದ ಮೇಲೆ ಉಳಿಯುವ ಕೆಲಸ

ದಿನವೂ ಹೆಚ್ಚಾಗಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದಾಗ ಮೊದಲ 24 ಗಂಟೆಗಳಲ್ಲಿಯೇ ಕೈನಡುಕ, ಬೆವರು, ವಾಕರಿಕೆ, ನಿದ್ರಾಹೀನತೆ ಕಾಣಿಸಿಕೊಳ್ಳುತ್ತವೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣುವುದು, ಎಲ್ಲಿದ್ದೇನೆಂದು ತಿಳಿಯದಿರುವುದು ಆಗಬಹುದು. ಇದು ಪ್ರಾಣಕ್ಕೆ ಅಪಾಯ. ಆದ್ದರಿಂದಲೇ ಹೆಚ್ಚು ಕುಡಿಯುವವರು ಮನೆಯಲ್ಲಿ ಹಠ ಹಿಡಿದು ನಿಲ್ಲಿಸಬಾರದು, ವೈದ್ಯರ ಕಣ್ಣಳತೆಯಲ್ಲೇ ನಿಲ್ಲಿಸಬೇಕು ಎಂದು ಹೇಳುವುದು. ಮಾತ್ರೆ, ಥಯಾಮಿನ್ ಎಂಬ ಬಿ1 ಜೀವಸತ್ವ, ಊಟ, ವಿಶ್ರಾಂತಿ ಇವುಗಳಿಂದ ಹೆಚ್ಚಿನವರ ಮೈ ಒಂದು ವಾರ, ಹತ್ತು ದಿನಗಳಲ್ಲಿ ತಹಬಂದಿಗೆ ಬರುತ್ತದೆ.

ಕೈ ನಡುಗುವುದು ನಿಂತಿತು, ಹಸಿವು ಚೆನ್ನಾಗಿದೆ, ಮುಖಕ್ಕೆ ಕಳೆ ಬಂದಿದೆ. ಮನೆಯವರು ‘ಸರಿಹೋದರು’ ಎಂದು ಕರೆದುಕೊಂಡು ಹೋಗುತ್ತಾರೆ. ತೊಂದರೆ ಶುರುವಾಗುವುದು ಇಲ್ಲಿಂದಲೇ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕುಳಿತರೆ ಕಾಲು ಜೋಮು ಹಿಡಿಯುತ್ತದೆ. ಜೋಮು ಇರುವಷ್ಟು ಹೊತ್ತು ಏನೂ ಗೊತ್ತಾಗುವುದಿಲ್ಲ. ಎದ್ದು ನಿಂತು ಜೋಮು ಬಿಡುವಾಗಲೇ ಚುಚ್ಚುತ್ತದೆ, ಉರಿಯುತ್ತದೆ, ಹೆಜ್ಜೆ ಇಡಲಾಗುವುದಿಲ್ಲ. ಹತ್ತು ವರ್ಷ ಕುಡಿದವರ ಮನಸ್ಸೂ ಹಾಗೆಯೇ ಜೋಮು ಹಿಡಿದಿರುತ್ತದೆ. ಅಪ್ಪ ತೀರಿಕೊಂಡ ದುಃಖ, ಅಣ್ಣತಮ್ಮಂದಿರ ಪಾಲಿನ ಜಗಳ, ಕೆಲಸ ಕಳೆದುಕೊಂಡ ಅವಮಾನ, ಯಾವುದನ್ನೂ ಅದು ಆಯಾ ಹೊತ್ತಿನಲ್ಲಿ ಅನುಭವಿಸಿರುವುದಿಲ್ಲ. ಬಿಟ್ಟ ಮೇಲೆ ಎಲ್ಲವೂ ಒಟ್ಟಿಗೆ ಚುಚ್ಚತೊಡಗುತ್ತವೆ. ‘ಕುಡಿಯುವಾಗಲೇ ಚೆನ್ನಾಗಿದ್ದೆ, ಬಿಟ್ಟ ಮೇಲೆ ಹಾಳಾದೆ’ ಎಂದು ಕೆಲವರು ಹೇಳುವುದು ಇದರಿಂದ. ಅವರು ಹಾಳಾಗಿಲ್ಲ. ಜೋಮು ಬಿಡುತ್ತಿದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಮತ್ತು ಅವರ ಸಂಗಡಿಗರು ಚಿಕಿತ್ಸೆ ಪಡೆದು ಮತ್ತೆ ಕುಡಿತ, ಧೂಮಪಾನ ಮುಂತಾದವನ್ನು ಶುರುಮಾಡಿದವರನ್ನು ಮಾತನಾಡಿಸಿ, ಮೊದಲ ಸಲ ಜಾರಿದ್ದು ಯಾವ ಸಂದರ್ಭದಲ್ಲಿ ಎಂದು ವಿಂಗಡಿಸಿದರು. 1980ರಲ್ಲಿ ಅವರು ಪ್ರಕಟಿಸಿದ ಪ್ರಕಾರ ಸುಮಾರು ಮುಕ್ಕಾಲು ಪಾಲು ಸಂದರ್ಭಗಳು ಮೂರೇ ಗುಂಪಿಗೆ ಸೇರುತ್ತಿದ್ದವು: ಮನಸ್ಸನ್ನು ಕೆಡಿಸುವ ಭಾವನೆಗಳು, ಇನ್ನೊಬ್ಬರೊಂದಿಗೆ ಜಗಳ, ಜೊತೆಯವರ ಒತ್ತಾಯ. ಈ ಮೂರರಲ್ಲಿ ಮೊದಲನೆಯದರ ಪಾಲೇ ದೊಡ್ಡದು. ಜಗಳ, ಒತ್ತಾಯಗಳೂ ಕೊನೆಗೆ ಮನಸ್ಸಿನ ಒಳಗೆ ಹೋಗಿಯೇ ಕೆಲಸ ಮಾಡುವುದು. ಅಂದರೆ ಮೈ ಸುಧಾರಿಸಿದ ಮೇಲೆ ಕಾವಲು ಹಾಕಬೇಕಾದದ್ದು ಬಾರಿನ ಬಾಗಿಲಿಗಲ್ಲ, ಅದಕ್ಕೂ ಒಂದೆರಡು ಗಂಟೆ ಮೊದಲು ಮನಸ್ಸಿನಲ್ಲಿ ಆಗುವುದಕ್ಕೆ.

ಬಾಗಿಲು ಮುಚ್ಚಿದರೆ ಮಾತ್ರ ಸಾಲದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದು ಒಳ್ಳೆಯದೇ ಆಯಿತು. ಆದರೆ ಸಾರಾಯಿ ಕುಡಿಯುತ್ತಿದ್ದವರಲ್ಲಿ ಬಹಳ ಮಂದಿ ಕುಡಿತ ಬಿಡಲಿಲ್ಲ. ಅಗ್ಗದ ಬ್ರಾಂದಿ, ವಿಸ್ಕಿಗೆ ಬದಲಾದರು. ಪಾಕೀಟು ಹೋಯಿತು, ಕುಡಿಸುತ್ತಿದ್ದ ಕಾರಣ ಹಾಗೆಯೇ ಉಳಿಯಿತು.

ಇಳಕಲ್ಲಿನ ಚಿತ್ತರಗಿ ಮಠದ ಡಾ. ಮಹಾಂತ ಶಿವಯೋಗಿಗಳು 1975ರಿಂದ ‘ಮಹಾಂತ ಜೋಳಿಗೆ’ ಹಿಡಿದು ಊರೂರು ತಿರುಗಿದ್ದು ನಿಮಗೆ ತಿಳಿದಿರಬಹುದು. ಕಾಣಿಕೆ ಬೇಡ, ನಿಮ್ಮ ದುಶ್ಚಟವನ್ನು ಈ ಜೋಳಿಗೆಗೆ ಹಾಕಿ ಎಂದು ಅವರು ಮನೆಬಾಗಿಲಿಗೆ ಹೋಗಿ ಬೇಡುತ್ತಿದ್ದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸಲಾಗುತ್ತದೆ. ಎಷ್ಟೋ ಸಂಸಾರಗಳು ಆ ಜೋಳಿಗೆಯಿಂದ ಉಳಿದವು. ಜೋಳಿಗೆಗೆ ಚಟ ಹಾಕುವುದು ಒಂದು ಗಳಿಗೆಯ ಗಟ್ಟಿ ತೀರ್ಮಾನ. ಮರುದಿನ ಬೆಳಿಗ್ಗೆ ಏಳುವಾಗ ಸಿಟ್ಟು, ಹೆದರಿಕೆ, ಕೊರಗು ಮಾತ್ರ ನಮ್ಮ ಹತ್ತಿರವೇ ಇರುತ್ತವೆ. ಆ ತೀರ್ಮಾನವನ್ನು ಉಳಿಸಿಕೊಳ್ಳುವ ಕೆಲಸ ಇವುಗಳ ನಡುವೆಯೇ ಆಗಬೇಕು.

‘ಟೆನ್ಷನ್’ ಎಂಬ ಗಂಟನ್ನು ಬಿಚ್ಚಿ ನೋಡಿದರೆ

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಓಡಿಸುವ ಒಬ್ಬರನ್ನು ಊಹಿಸಿಕೊಳ್ಳಿ. ಊರು ಯಾದಗಿರಿಯ ಕಡೆ, ವಯಸ್ಸು ಮೂವತ್ತೆಂಟು. ಇಲ್ಲಿ ಮೂವರ ಜೊತೆ ಒಂದು ರೂಮು, ಹೆಂಡತಿ ಮಕ್ಕಳು ಊರಿನಲ್ಲಿ. ಕುಡಿತ ಬಿಟ್ಟು ಇಪ್ಪತ್ತಾರು ದಿನ. ಸಂಜೆ ಶಿಫ್ಟ್ ಮುಗಿಸಿ ಗೇಟು ದಾಟಿದಾಗ ಕಾಲು ತಾನಾಗಿಯೇ ಬಾರಿನ ಕಡೆ ತಿರುಗಿತು. ಮಾರನೆಯ ದಿನ ಕೇಳಿದರೆ ‘ಟೆನ್ಷನ್ ಇತ್ತು ಸಾರ್, ಹಾಕ್ಕೊಂಡುಬಿಟ್ಟೆ’ ಎನ್ನುತ್ತಾರೆ.

ಆ ದಿನವನ್ನು ಬೆಳಿಗ್ಗೆಯಿಂದ ನೋಡುತ್ತಾ ಬನ್ನಿ. ಹಿಂದಿನ ರಾತ್ರಿ ಮೂರು ಗಂಟೆ ಮಾತ್ರ ನಿದ್ದೆ ಬಂದಿತ್ತು, ಅದು ದಣಿವು. ಹತ್ತು ಗಂಟೆಗೆ ಒಂದು ಜಾಬ್ ರಿಜೆಕ್ಟ್ ಆಯಿತು. ಇವರಿಗಿಂತ ಹತ್ತು ವರ್ಷ ಚಿಕ್ಕವನಾದ ಸೂಪರ್‌ವೈಸರ್ ಎಲ್ಲರೆದುರು ‘ಇನ್ನೂ ಇಳಿದಿಲ್ವಾ?’ ಎಂದ. ಇವರು ಕುಡಿದಿರಲಿಲ್ಲ. ಅದು ಅವಮಾನ, ತಪ್ಪಿಲ್ಲದೆ ಆದ ಅವಮಾನ ಇನ್ನೂ ಉರಿಯುತ್ತದೆ. ಆ ಬೇಗುದಿಯಲ್ಲಿ ಮಧ್ಯಾಹ್ನ ಊಟಕ್ಕೆ ಹೋಗಲಿಲ್ಲ, ಅದು ಹಸಿವು. ನಾಲ್ಕು ಗಂಟೆಗೆ ಊರಿನಿಂದ ಫೋನ್ ಬಂತು, ಸಂಘದ ಸಾಲದ ಕಂತು ನಾಳೆ ಕಟ್ಟಬೇಕು. ಅದು ಹೆದರಿಕೆ. ‘ಪಾಪುಗೆ ಫೋನ್ ಕೊಡು’ ಎಂದರೆ ಮಗಳು ಮಾತನಾಡಲು ಒಪ್ಪಲಿಲ್ಲ. ಅದು ಕೊರಗು. ಐದೂವರೆಗೆ ಸಂಬಳ ಖಾತೆಗೆ ಬಿದ್ದ ಮೆಸೇಜ್ ಬಂತು. ಮನಸ್ಸು ಒಂದು ಗಳಿಗೆ ಹಗುರವಾಯಿತು, ಅದು ಹುರುಪು. ಆರಕ್ಕೆ ಇವಿಷ್ಟೂ ಸೇರಿ ಒಂದೇ ಗಂಟಾಗಿ ಎದೆಯ ಮೇಲೆ ಕೂತವು. ಅದಕ್ಕೆ ಅವರು ಇಟ್ಟ ಹೆಸರು ಟೆನ್ಷನ್.

ಬಿಡಿಸಿ ನೋಡಿದಾಗ ಒಂದೊಂದಕ್ಕೂ ಬೇರೆ ಬೇರೆ ದಾರಿ ಇದೆ. ನಿದ್ದೆ ಬಾರದಿದ್ದರೆ ಮರುಭೇಟಿಯಲ್ಲಿ ವೈದ್ಯರಿಗೆ ಹೇಳಬೇಕು. ಬಿಟ್ಟ ಮೊದಲ ಕೆಲವು ವಾರ, ಕೆಲವರಿಗೆ ತಿಂಗಳುಗಳವರೆಗೂ ನಿದ್ದೆ ಸರಿಯಾಗದಿರುವುದು ಸಾಮಾನ್ಯ. ಹಸಿವಿಗೆ ಎರಡು ಇಡ್ಲಿ ಸಾಕು. ಅವಮಾನವಾದದ್ದನ್ನು ಅದೇ ದಿನ ನಂಬಿಕೆಯ ಒಬ್ಬರಿಗೆ ಹೇಳಿದರೆ ಅರ್ಧ ಇಳಿಯುತ್ತದೆ, ಉಳಿದರ್ಧಕ್ಕೆ ಮರುದಿನ ಸೂಪರ್‌ವೈಸರ್ ಒಬ್ಬನೇ ಇದ್ದಾಗ ‘ನಾನು ಬಿಟ್ಟಿದ್ದೀನಪ್ಪ, ಎಲ್ಲರ ಮುಂದೆ ಹಾಗನ್ನಬೇಡ’ ಎನ್ನಬಹುದು. ಸಾಲವನ್ನು ಕಾಗದದ ಮೇಲೆ ಬರೆದು ನೋಡಬೇಕು. ತಲೆಯೊಳಗೆ ಇರುವ ಸಾಲ ಕಾಗದದ ಮೇಲಿನ ಸಾಲಕ್ಕಿಂತ ಯಾವಾಗಲೂ ದೊಡ್ಡದು. ಮಗಳು ಮಾತನಾಡದಿರುವುದಕ್ಕೆ ಮಾತ್ರ ಇವತ್ತಿಗೆ ಔಷಧಿಯಿಲ್ಲ. ಅದಕ್ಕೆ ತಿಂಗಳುಗಳೇ ಬೇಕು. ಅದು ಗೊತ್ತಾದರೆ ಅದೂ ಒಂದು ಸಮಾಧಾನ. ಆರು ಬೇರೆ ಬೇರೆ ಕಾಯಿಲೆಗೆ ಒಂದೇ ಮಾತ್ರೆ ಬರೆದುಕೊಡುವ ವೈದ್ಯರನ್ನು ನೀವು ನಂಬುವುದಿಲ್ಲ. ಹಾಗಿದ್ದೂ ಇಷ್ಟು ವರ್ಷ ಎಲ್ಲದಕ್ಕೂ ಒಂದು ಕ್ವಾರ್ಟರನ್ನೇ ತೆಗೆದುಕೊಂಡಿರಿ.

ನಮ್ಮ ಈ ಭಾಗದಲ್ಲಿ ಇಂತಹ ಗಂಟುಗಳು ಬೇಗ ಬೀಳುತ್ತವೆ. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ, 1978ರಲ್ಲಿ ಕಿಯೋನಿಕ್ಸ್ ಮೂಲಕ ಎಲೆಕ್ಟ್ರಾನಿಕ್ ಸಿಟಿ, 1990ರ ದಶಕದಲ್ಲಿ ವೈಟ್‌ಫೀಲ್ಡಿನ ಐ.ಟಿ. ಪಾರ್ಕ್ ಬಂದ ಮೇಲೆ ಕೆಲಸಕ್ಕಾಗಿ ಊರು ಬಿಟ್ಟು ಬಂದವರೇ ಇಲ್ಲಿ ಹೆಚ್ಚು. ಊರಿನಲ್ಲಿ ಮುಖ ಸಪ್ಪಗಿದ್ದರೆ ಕಟ್ಟೆಯ ಮೇಲೆ ಕೂತ ಯಾರಾದರೂ ‘ಯಾಕಪ್ಪಾ?’ ಎನ್ನುತ್ತಾರೆ. ಇಲ್ಲಿ ಪಕ್ಕದ ರೂಮಿನವರಿಗೆ ಬೇರೆ ಶಿಫ್ಟ್. ಅವರು ಎದ್ದಾಗ ಇವರು ಮಲಗಿರುತ್ತಾರೆ. ರಾತ್ರಿಯೆಲ್ಲಾ ಕಂಪ್ಯೂಟರ್ ಮುಂದೆ ಕೂತು ಬೆಳಗಿನ ಜಾವ ಕ್ಯಾಬಿನಲ್ಲಿ ಪಿ.ಜಿ.ಗೆ ಮರಳುವ ಹುಡುಗ ಹುಡುಗಿಯರ ಪಾಡೂ ಇದೇ. ಸಂಬಳ ಹೆಚ್ಚು, ಆದರೆ ಬೆಳಿಗ್ಗೆ ಆರಕ್ಕೆ ‘ಇವತ್ತು ಬೇಜಾರಾಯ್ತು’ ಎಂದು ಹೇಳಿಕೊಳ್ಳಲು ಎಚ್ಚರವಿರುವವರು ಯಾರೂ ಇಲ್ಲ. ಕೆಲವರು ಆ ಹೊತ್ತಿನಲ್ಲಿ ಬಾಟಲಿಯ ಬದಲು ಮೊಬೈಲಿನ ಆಟಕ್ಕೆ ಅಂಟಿಕೊಳ್ಳುತ್ತಾರೆ. ನಿಮ್ಹಾನ್ಸ್ ಆಸ್ಪತ್ರೆ 2014ರಲ್ಲಿ ಮೊಬೈಲ್, ಇಂಟರ್ನೆಟ್ ಗೀಳಿಗೆಂದೇ ‘ಶಟ್ ಕ್ಲಿನಿಕ್’ ಎಂಬ ಪ್ರತ್ಯೇಕ ವಿಭಾಗ ಆರಂಭಿಸಿತು. ವಸ್ತು ಬೇರೆಯಾದರೂ ಒಳಗಿನ ಒಂಟಿತನ ಒಂದೇ ಆಗಿರುತ್ತದೆ.

ಹೆಸರಿಡುವುದರಿಂದ ಏನು ಪ್ರಯೋಜನ?

‘ಬೇಜಾರಿಗೆ ಹೆಸರಿಟ್ಟರೆ ಬೇಜಾರು ಹೋಗುತ್ತದೆಯೇ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಪೂರ್ತಿ ಹೋಗುವುದಿಲ್ಲ. ಆದರೆ ಅದರ ಬಿಸಿ ಇಳಿಯುತ್ತದೆ. ನಮ್ಮ ಮೆದುಳಿನ ಒಳಭಾಗದಲ್ಲಿ ಅಮಿಗ್ಡಲಾ ಎಂಬ ಬಾದಾಮಿ ಗಾತ್ರದ ಭಾಗವಿದೆ. ಹೆದರಿಕೆ, ಸಿಟ್ಟು ಬಂದಾಗ ಅದು ಗಂಟೆ ಬಾರಿಸುತ್ತದೆ. ಅಮೆರಿಕದಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಅವರ ತಂಡ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಟ್ಟು ಅಥವಾ ಹೆದರಿಕೆಯ ಮುಖಗಳ ಚಿತ್ರ ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಆ ಭಾವನೆಗೆ ಒಂದು ಮಾತಿನ ಹೆಸರು ಆರಿಸಿದಾಗ ಅಮಿಗ್ಡಲಾದ ಸದ್ದು ಕಡಿಮೆಯಾಗಿ, ಹಣೆಯ ಹಿಂದಿನ ವಿವೇಚನೆಯ ಭಾಗ ಹೆಚ್ಚು ಕೆಲಸ ಮಾಡತೊಡಗಿತು. ಕತ್ತಲೆಯಲ್ಲಿ ಕಾಲಿಗೆ ತಾಗಿದ್ದು ಹಾವೋ ಹಗ್ಗವೋ ತಿಳಿಯದಿದ್ದಾಗ ಆಗುವ ದಿಗಿಲು, ದೀಪ ಹಾಕಿ ನೋಡಿದ ಮೇಲೆ ಇರುವುದಿಲ್ಲವಷ್ಟೆ.

ತನ್ನ ಭಾವನೆಗೆ ಮಾತು ಸಿಗದಿರುವ ಈ ಸ್ಥಿತಿಯನ್ನು 1970ರ ದಶಕದಲ್ಲಿ ಪೀಟರ್ ಸಿಫ್ನಿಯೋಸ್ ಎಂಬ ಮನೋವೈದ್ಯರು ಗುರುತಿಸಿ ಒಂದು ಗ್ರೀಕ್ ಹೆಸರು ಕೊಟ್ಟರು. ಮದ್ಯವ್ಯಸನ ಇರುವವರಲ್ಲಿ ಇದು ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತದೆ. ಆ ಗ್ರೀಕ್ ಹೆಸರು ನಮಗೆ ಬೇಕಿಲ್ಲ. ‘ಒಂಥರಾ’ ಎಂಬ ಕನ್ನಡದ ಮಾತೇ ಅದನ್ನು ಚೆನ್ನಾಗಿ ಹೇಳುತ್ತದೆ.

ಕನ್ನಡದಲ್ಲಿ ಇದಕ್ಕೆ ಮಾತಿನ ಬರವಂತೂ ಇಲ್ಲ. ಸಿಟ್ಟು ಒಂದು, ಮುನಿಸು ಇನ್ನೊಂದು. ಮುನಿಸು ನಮಗೆ ಬೇಕಾದವರ ಮೇಲೆ ಮಾತ್ರ ಬರುವುದು. ಕಿರಿಕಿರಿ, ಕಸಿವಿಸಿ, ತಳಮಳ, ದಿಗಿಲು, ಅಳುಕು, ಸಂಕಟ, ಕೊರಗು, ಹೊಟ್ಟೆಕಿಚ್ಚು, ನಾಚಿಕೆ, ರೋಸಿಹೋಗುವುದು, ಒಂದೊಂದೂ ಬೇರೆ. ಕಲಬುರಗಿ, ವಿಜಯಪುರದ ಕಡೆಯವರು ‘ಬ್ಯಾಸರ ಆಗ್ಯದ’, ‘ಜೀವಕ್ಕ ಸಮಾಧಾನ ಇಲ್ಲ’ ಎಂದು ತಮ್ಮ ಊರಿನ ಮಾತಿನಲ್ಲೇ ಹೇಳಲಿ. ಆಸ್ಪತ್ರೆಯಲ್ಲಿ ಶುದ್ಧವಾಗಿ ಮಾತನಾಡಬೇಕೆಂಬ ಸಂಕೋಚ ಬೇಡ. ಅಮ್ಮನ ಹತ್ತಿರ ಆಡುವ ಮಾತಿನಲ್ಲಿಯೇ ಮನಸ್ಸು ಬೇಗ ಸಿಗುತ್ತದೆ. ಹನ್ನೆರಡನೆಯ ಶತಮಾನದ ಶರಣರೂ ತಮ್ಮ ಮನಸ್ಸಿನ ಚಂಚಲತೆ, ಕೋಪ, ಅಂಜಿಕೆಗಳನ್ನು ಮರೆಮಾಚದೆ ಮನೆಯ ಕನ್ನಡದಲ್ಲೇ ಹೇಳಿಕೊಂಡವರು. ಹಾಗೆ ಹೇಳಿಕೊಳ್ಳುವುದನ್ನು ಅವರು ಗಂಡಸುತನಕ್ಕೆ ಕುಂದು ಎಂದು ಎಣಿಸಲಿಲ್ಲ. ನಮ್ಮ ಗಂಡಸರಿಗೆ ಸಿಟ್ಟೊಂದನ್ನು ಬಿಟ್ಟು ಬೇರೆ ಯಾವುದನ್ನೂ ತೋರಿಸಲು ಚಿಕ್ಕಂದಿನಿಂದ ಬಿಟ್ಟಿಲ್ಲ. ಅದರಿಂದ ಹೆದರಿದರೂ ಸಿಟ್ಟು, ನಾಚಿಕೆಯಾದರೂ ಸಿಟ್ಟು, ಹಸಿದರೂ ಸಿಟ್ಟು.

ರೂಢಿ ಮಾಡಿಕೊಳ್ಳುವುದು ಹೇಗೆ?

ಭಾವನೆ ಮೊದಲು ಮೈಯಲ್ಲಿ ಕಾಣಿಸಿಕೊಳ್ಳುತ್ತದೆ, ಆಮೇಲೆ ಮಾತಿಗೆ ಸಿಗುತ್ತದೆ. ಆದ್ದರಿಂದ ಮೈಯಿಂದಲೇ ಶುರು ಮಾಡುವುದು ಸುಲಭ. ದಿನಕ್ಕೆ ಮೂರು ಸಲ ಸಾಕು: ಬೆಳಿಗ್ಗೆ ಹಲ್ಲುಜ್ಜುವಾಗ, ಶಿಫ್ಟ್ ಬಿಟ್ಟು ಕೈ ತೊಳೆಯುವಾಗ, ರಾತ್ರಿ ಮಲಗುವ ಮುಂಚೆ. ಇವುಗಳಲ್ಲಿ ಕೈ ತೊಳೆಯುವ ಹೊತ್ತನ್ನು ಮಾತ್ರ ತಪ್ಪಿಸಬೇಡಿ, ಏಕೆಂದರೆ ಮುಂದಿನ ಹೆಜ್ಜೆ ಗೇಟಿನಿಂದ ಆಚೆ. ದವಡೆ ಬಿಗಿದಿದೆಯೇ? ಭುಜ ಮೇಲಕ್ಕೆ ಸೆಟೆದಿದೆಯೇ? ಎದೆ ಭಾರವೇ, ಹೊಟ್ಟೆಯಲ್ಲಿ ಸಂಕಟವೇ, ಅಂಗೈ ಬೆವರಿದೆಯೇ? ನಂತರ ಅದಕ್ಕೆ ಒಂದು ಹೆಸರು ಹುಡುಕಿ. ‘ಟೆನ್ಷನ್’, ‘ಮೂಡ್ ಸರಿಯಿಲ್ಲ’, ‘ಒಂಥರಾ’ ಈ ಮೂರು ಮಾತುಗಳನ್ನು ಬಳಸಬಾರದೆಂಬುದೊಂದೇ ನಿಯಮ. ಹೆಸರು ಸಿಕ್ಕರೆ, ಇದು ಯಾವ ಹೊತ್ತಿಗೆ, ಯಾರ ಮಾತಿನಿಂದ ಶುರುವಾಯಿತು ಎಂದು ಹಿಂದಕ್ಕೆ ಹೋಗಿ ನೋಡಿ. ಎರಡು ನಿಮಿಷದ ಕೆಲಸ.

ಹೆಸರು ಹೊಳೆಯದಿದ್ದರೆ ನಾಲ್ಕನ್ನು ಕೇಳಿಕೊಳ್ಳಿ: ಹಸಿವೇ, ಸಿಟ್ಟೇ, ಒಂಟಿತನವೇ, ದಣಿವೇ? 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಇಬ್ಬರು ಮದ್ಯವ್ಯಸನಿಗಳು ಒಬ್ಬರಿಗೊಬ್ಬರು ಆಸರೆಯಾಗಿ ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಬಳಗದವರ ಬಾಯಿಮಾತಾಗಿ ಈ ನಾಲ್ಕು ಪ್ರಶ್ನೆಗಳು ಪ್ರಪಂಚವೆಲ್ಲಾ ಹರಡಿವೆ. ಬೆಂಗಳೂರಿನಲ್ಲಿಯೂ ಎ.ಎ. ಸಭೆಗಳು ನಡೆಯುತ್ತವೆ, ಶುಲ್ಕವಿಲ್ಲ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ಮುಗಿಸಿದವರಿಗೆ ‘ನವಜೀವನ ಸಮಿತಿ’ಗಳಿವೆ. ಒಬ್ಬರೇ ಹುಡುಕುವಾಗ ಸಿಗದ ಹೆಸರು, ಅದೇ ದಾರಿಯಲ್ಲಿ ಬಂದ ಇನ್ನೊಬ್ಬರು ಮಾತನಾಡುವಾಗ ಥಟ್ಟನೆ ಸಿಗುವುದುಂಟು.

ಕುಡಿಯಬೇಕೆಂಬ ಚಪಲ ಜೋರಾಗಿ ಬಂದಾಗ ಇದನ್ನೆಲ್ಲಾ ಯೋಚಿಸಲು ಪುರಸೊತ್ತು ಎಲ್ಲಿ ಎಂದರೆ, ಪುರಸೊತ್ತು ಇದೆ. ಚಪಲವು ಅಲೆಯಂತೆ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಜೋರು ಕಡಿಮೆಯಾಗುತ್ತದೆ. ಇಷ್ಟು ದಿನ ತುದಿ ಮುಟ್ಟುವ ಮೊದಲೇ ಕುಡಿದುಬಿಡುತ್ತಿದ್ದುದರಿಂದ ಅದು ತಾನಾಗಿ ಇಳಿಯುತ್ತದೆಂಬುದೇ ನಿಮಗೆ ಗೊತ್ತಾಗಿಲ್ಲ. ಆ ಅರ್ಧ ಗಂಟೆ ಒಬ್ಬರೇ ಇರಬೇಡಿ. ಏನಾದರೂ ತಿನ್ನಿ, ನೀರು ಕುಡಿಯಿರಿ, ಯಾರಿಗಾದರೂ ಫೋನ್ ಮಾಡಿ, ಬೇರೆ ರಸ್ತೆ ಹಿಡಿದು ನಡೆಯಿರಿ. ಮನೆಗೆ ಹೋಗಲು ಎರಡು ದಾರಿ ಇದ್ದರೆ ಬಾರಿಲ್ಲದ ದಾರಿ ಹತ್ತು ನಿಮಿಷ ಉದ್ದವಾದರೂ ಅದೇ ಒಳ್ಳೆಯದು.

‘ಪಾಸಿಟಿವ್ ಆಗಿ ಯೋಚನೆ ಮಾಡಿ’ ಎಂದು ಎಲ್ಲರೂ ಹೇಳುತ್ತಾರೆ. ಈ ಸಲಹೆ ನಮಗೆ ಅಷ್ಟಾಗಿ ಹಿಡಿಸುವುದಿಲ್ಲ. ಸಾಲ ಇರುವವರಿಗೆ ಹೆದರಿಕೆಯಾಗುವುದು ಸರಿಯಾದ ಭಾವನೆಯೇ. ಅದನ್ನು ಓಡಿಸಬೇಕಿಲ್ಲ, ಹೆದರಿಕೆ ಎಂದು ಒಪ್ಪಿಕೊಂಡರೆ ಸಾಕು.

ಒಂದು ಎಚ್ಚರಿಕೆ. ಸಂತೋಷವೂ ಒಂದು ಭಾವನೆಯೇ, ಅದನ್ನು ಬಹಳ ಮಂದಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೋನಸ್ ಬಂದ ದಿನ, ಕಾರ್ಖಾನೆಯಲ್ಲಿ ಆಯುಧಪೂಜೆಯ ದಿನ ಮಿಷಿನ್‌ಗಳಿಗೆ ಕುಂಬಳಕಾಯಿ ಒಡೆದು ಸಿಹಿ ಹಂಚಿದ ನಂತರದ ಸಂಜೆ, ನೆಂಟರ ಮದುವೆಯ ಹಿಂದಿನ ರಾತ್ರಿ, ಪ್ರಾಜೆಕ್ಟ್ ಮುಗಿಸಿದ ಶುಕ್ರವಾರದ ಟೀಮ್ ಪಾರ್ಟಿ. ‘ಇಷ್ಟು ದಿನ ಬಿಟ್ಟಿದ್ದೀನಲ್ಲ, ಇವತ್ತೊಂದು ದಿನ ಪರವಾಗಿಲ್ಲ’ ಎಂಬ ಮಾತು ದುಃಖದಲ್ಲಿ ಹುಟ್ಟುವುದು ಕಡಿಮೆ. ಅದು ಹೆಮ್ಮೆಯ ಕೂಸು. ಮೂರು ತಿಂಗಳು ಬಿಟ್ಟವರು ಸಿಟ್ಟನ್ನು ಗೆದ್ದು ಖುಷಿಗೆ ಸೋಲುವುದನ್ನು ಕಾಣುತ್ತೇವೆ. ಆ ದಿನಗಳಲ್ಲಿಯೂ ಕೈ ತೊಳೆಯುವಾಗ ‘ಈಗ ಏನನಿಸುತ್ತಿದೆ?’ ಎಂದು ಕೇಳಿಕೊಳ್ಳಿ.

ಜಾರಿದರೆ? ಜಾರಿದ್ದನ್ನು ಮುಚ್ಚಿಡದೆ ಬನ್ನಿ. ಒಂದು ದಿನ ಕುಡಿದದ್ದು ಅಷ್ಟಕ್ಕೇ ನಿಲ್ಲಬಹುದು. ಅದರ ಮರುದಿನ ಬರುವ ‘ನಾನು ಯಾವುದಕ್ಕೂ ಬಾರದವನು’ ಎಂಬ ನಾಚಿಕೆಯೇ ಎರಡನೆಯ ದಿನ ಕುಡಿಸುವುದು. ‘ತಪ್ಪು ಮಾಡಿದೆ’ ಎಂಬ ಪಶ್ಚಾತ್ತಾಪ ಬೇರೆ, ‘ನಾನೇ ತಪ್ಪು’ ಎಂಬ ನಾಚಿಕೆ ಬೇರೆ. ಮೊದಲನೆಯದು ಆಸ್ಪತ್ರೆಗೆ ಕರೆದುಕೊಂಡು ಬರುತ್ತದೆ, ಎರಡನೆಯದು ಬಾರಿಗೆ.

ಮನೆಯವರಿಗೆ

ಇಷ್ಟು ವರ್ಷ ನೀವು ಬಾಗಿಲಲ್ಲಿ ನಿಂತು ಮೂಸಿ ನೋಡಿದ್ದೀರಿ, ಜೇಬು ತಡಕಿದ್ದೀರಿ, ಹೆಜ್ಜೆಯ ಸದ್ದಿನಿಂದಲೇ ಎಷ್ಟು ಕುಡಿದಿದ್ದಾರೆಂದು ಅಳೆದಿದ್ದೀರಿ. ಆ ಅಭ್ಯಾಸ ಒಂದೇ ದಿನಕ್ಕೆ ಹೋಗುವುದಿಲ್ಲ. ಆದರೆ ಬಿಟ್ಟವರು ಸಪ್ಪಗೆ ಮುಖ ಮಾಡಿಕೊಂಡು ಬಂದಾಗ ‘ಯಾಕೆ ಮುಖ ಹಾಗಿದೆ, ಹಾಕ್ಕೊಂಡು ಬಂದ್ರಾ?’ ಎಂದರೆ, ಅಂದಿನ ಅವಮಾನಗಳ ಜೊತೆ ಇನ್ನೊಂದು ಸೇರುತ್ತದೆ. ‘ಏನ್ರೀ, ಸುಸ್ತಾಗಿದೆಯಾ? ಯಾರಾದ್ರೂ ಏನಾದ್ರೂ ಅಂದ್ರಾ?’ ಎಂದು ಕೇಳಿ ನೋಡಿ. ಉತ್ತರ ಬಾರದಿದ್ದರೂ ಊಟ ಬಡಿಸಿ. ಒಂದು ವಾರಕ್ಕೆ ಮಾತು ಬರದಿದ್ದರೆ ಎರಡನೆಯ ವಾರಕ್ಕೆ ಬರುತ್ತದೆ. ಬಂದಾಗ ಅದನ್ನು ಮುಂದಿನ ಜಗಳಕ್ಕೆ ಬಳಸಬೇಡಿ. ‘ಅವತ್ತು ನೀವೇ ಹೇಳಿದ್ರಲ್ಲ’ ಎಂದು ಒಮ್ಮೆ ಎತ್ತಿ ಆಡಿದರೆ ಆಮೇಲೆ ಅವರು ಬಾಯಿ ಬಿಡುವುದಿಲ್ಲ.

ನಿಮಗೂ ಸಿಟ್ಟಿದೆ. ಅದು ನ್ಯಾಯವಾದ ಸಿಟ್ಟು. ಅವರು ಕುಡಿಯುತ್ತಿದ್ದಾಗ ಮನೆ ನಡೆಸುವ ಭರದಲ್ಲಿ ನೀವೂ ನಿಮ್ಮ ದುಃಖವನ್ನು ಪಕ್ಕಕ್ಕಿಟ್ಟಿದ್ದಿರಿ. ಅವರು ಬಿಟ್ಟ ಮೇಲೆ, ಎಲ್ಲ ಸರಿಹೋಗಬೇಕಾದ ಹೊತ್ತಿನಲ್ಲಿ, ನಿಮಗೆ ವಿಪರೀತ ಅಳು, ಕೋಪ ಬರುವುದಿದ್ದರೆ ಆಶ್ಚರ್ಯಪಡಬೇಡಿ. ನಿಮ್ಮ ಜೋಮೂ ಬಿಡುತ್ತಿದೆ. ಮೇಲೆ ಹೇಳಿದ ಅಭ್ಯಾಸ ನಿಮಗೂ ಅನ್ವಯಿಸುತ್ತದೆ. ಆಪ್ತಸಮಾಲೋಚಕರ ಬಳಿ ನೀವು ಪ್ರತ್ಯೇಕವಾಗಿಯೂ ಮಾತನಾಡಬಹುದು. ಹೊಡೆತ, ಬೆದರಿಕೆ ಇದ್ದರೆ ಅದು ಭಾವನೆಯನ್ನು ಅರ್ಥ ಮಾಡಿಕೊಳ್ಳುತ್ತಾ ಕೂರುವ ವಿಷಯವಲ್ಲ. 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಇನ್ನೊಂದು ಮಾತು. ‘ಗೊತ್ತಿಲ್ಲದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ’ ಎಂದು ಗೋಡೆಗಳ ಮೇಲೆ ಬರೆದಿರುವ ಪುಡಿಗಳನ್ನು ದಯವಿಟ್ಟು ತರಬೇಡಿ. ಅದರಲ್ಲಿ ಏನಿದೆಯೆಂದು ನಿಮಗೆ ತಿಳಿದಿರುವುದಿಲ್ಲ. ಡೈಸಲ್ಫಿರಾಮ್‌ನಂತಹ ಮಾತ್ರೆಯನ್ನು ತಿಳಿಯದೆ ತಿಂದವರು ಮೇಲೆ ಮದ್ಯ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಾಪಾಯ ಆಗಬಹುದು. ವೈದ್ಯರು ರೋಗಿಗೆ ತಿಳಿಸಿ, ಒಪ್ಪಿಸಿ ಕೊಡಬೇಕಾದ ಔಷಧಿ ಅದು.

ಹೆಸರಿಡುವುದಷ್ಟೇ ಸಾಲದ ಹೊತ್ತು

ಕುಡಿತ ನಿಂತ ಮೊದಲ ಕೆಲವು ವಾರ ಮನಸ್ಸು ಕುಗ್ಗಿರುವುದು ಸಹಜ. ಮೂರು-ನಾಲ್ಕು ವಾರ ಕಳೆದರೂ ಯಾವುದರಲ್ಲಿಯೂ ಆಸಕ್ತಿ ಇಲ್ಲದಿದ್ದರೆ, ಊಟ ನಿದ್ದೆ ಬಿಟ್ಟುಹೋಗಿದ್ದರೆ, ವಿನಾಕಾರಣ ಎದೆ ಹೊಡೆದುಕೊಳ್ಳುತ್ತಿದ್ದರೆ ಅದು ಖಿನ್ನತೆ ಅಥವಾ ಆತಂಕದ ಕಾಯಿಲೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ‘ಸಾಯಬೇಕು’ ಎನಿಸಿದರೆ ಮರುಭೇಟಿಯ ದಿನಾಂಕಕ್ಕೆ ಕಾಯಬೇಡಿ, ಆ ದಿನವೇ ಬನ್ನಿ. ಜೊತೆಯವರು ಅವರನ್ನು ಒಬ್ಬರೇ ಬಿಡಬಾರದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ವ್ಯಸನದ ಬಗ್ಗೆ ಮಾಹಿತಿಗೆ ರಾಷ್ಟ್ರೀಯ ಸಹಾಯವಾಣಿ 14446 ಇದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರದ ಕಡೆಯವರಿಗೆ ಅದು ಅದೇ ರಸ್ತೆಯಲ್ಲಿ ಸಿಗುತ್ತದೆ.

ಚಿಕಿತ್ಸೆಗೆ ಬಂದದ್ದಕ್ಕೆ ನಾಚಿಕೆಪಡುವವರಿಗೆ ಒಂದು ಅಂಕಿ ಹೇಳಬೇಕು. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ದೇಶದಲ್ಲಿ ಮದ್ಯದಿಂದ ತೊಂದರೆಗೊಳಗಾಗಿ ನೆರವು ಬೇಕಾದವರು 5.7 ಕೋಟಿಗೂ ಹೆಚ್ಚು. ಮದ್ಯಕ್ಕೆ ಪೂರ್ತಿ ಅಂಟಿಕೊಂಡವರಲ್ಲಿ 38 ಮಂದಿಗೆ ಒಬ್ಬರು ಮಾತ್ರ ಯಾವುದಾದರೊಂದು ಚಿಕಿತ್ಸೆ ಅಥವಾ ನೆರವು ಪಡೆದಿದ್ದಾರೆ. ನಿಮ್ಮ ಹಾಸಿಗೆಯ ಮೇಲೆ ಕೂತು ಇದನ್ನು ಓದುತ್ತಿರುವ ನೀವು ಆ ಒಬ್ಬರು.

ಮನೆಗೆ ಹೋಗುವಾಗ ಹತ್ತು ರೂಪಾಯಿಯ ಒಂದು ಚಿಕ್ಕ ನೋಟ್‌ಬುಕ್ ಕೊಳ್ಳಿ. ದಿನಕ್ಕೆ ಒಂದು ಸಾಲು ಸಾಕು: ಹೊತ್ತು, ಮೈಯಲ್ಲಿ ಏನಾಯಿತು, ಅದರ ಹೆಸರು. ಬರೆಯಲು ಬಾರದವರು ಮೊಬೈಲಿನಲ್ಲಿ ಮಾತನಾಡಿ ರೆಕಾರ್ಡ್ ಮಾಡಿಕೊಳ್ಳಬಹುದು. ಮೊದಲ ವಾರ ಪುಟದ ತುಂಬಾ ‘ಸಿಟ್ಟು, ಸಿಟ್ಟು’ ಎಂದೇ ಇದ್ದರೂ ಚಿಂತೆಯಿಲ್ಲ. ಮರುಭೇಟಿಗೆ ಬರುವಾಗ ಔಷಧಿ ಚೀಟಿಯ ಜೊತೆ ಅದನ್ನೂ ತನ್ನಿ. ಆಯಿಲ್ ಕಲೆ ಆಗಿದ್ದರೂ ಅಡ್ಡಿಯಿಲ್ಲ.